ಗಡಿಯಾರವಿಲ್ಲದ ಕಾಳು

ಯೂರಿಯಾಕ್ಕೆ ತಡೆದುಕೊಳ್ಳುವ ಗುಣವೇ ಇಲ್ಲ. ನೀರು ಸೋಕಿದರೆ ಕರಗಿತು; ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವ ಕೆಲವೇ ದಿನಗಳಲ್ಲಿ ಅದನ್ನು ಅಮೋನಿಯಾ ಮಾಡಿ ಮುಗಿಸುತ್ತದೆ. ಬಲಿತ ಪೈರು ಹೇಗೋ ತಾಳಿಕೊಂಡೀತು. ಆಗಷ್ಟೇ ಬೇರು ಬಿಟ್ಟ ಸಸಿಯ ಬುಡಕ್ಕೆ ಒಂದು ಹಿಡಿ ಬಿದ್ದರೆ ಬೇರಿನ ತುದಿ ಕಂದಿ, ಎಲೆಯಂಚು ಸುಟ್ಟು, ಸಸಿ ಅಲ್ಲೇ ಮುದುಡುತ್ತದೆ. ನಾಟಿಯಲ್ಲಿಷ್ಟು, ತೆಂಡೆ ಒಡೆಯುವಾಗಿಷ್ಟು ಎಂದು ನಮ್ಮ ರೈತರು ಕಂತಿನಲ್ಲಿ ಕೊಡುತ್ತಾ ಬಂದದ್ದು ಸುಮ್ಮನೆ ಅಲ್ಲ.

ಹೀಗಿರುವಾಗ ಜಪಾನಿನ ಕೆಲವು ರೈತರು ಇಡೀ ಭತ್ತದ ಬೆಳೆಗೆ ಬೇಕಾದ ಸಾರಜನಕವನ್ನು ಸಸಿ ಬೆಳೆಸುವ ತಟ್ಟೆಯಲ್ಲೇ ಬೀಜದ ಜೊತೆ ಹಾಕಿಬಿಡುತ್ತಾರೆಂದು ಓದಿದಾಗ ನಂಬಲಾಗಲಿಲ್ಲ. ಬೇರು ಗೊಬ್ಬರದ ಕಾಳನ್ನು ತಬ್ಬಿಕೊಂಡೇ ಬೆಳೆಯುತ್ತದೆ, ಸುಡುವುದಿಲ್ಲ. ನಾಟಿಯಾದಾಗ ಕಾಳೂ ಬೇರಿನ ಜೊತೆಗೇ ಗದ್ದೆಗೆ ಇಳಿಯುತ್ತದೆ. ಕಾಳಿನ ಮೇಲಿರುವುದು ತೀರ ತೆಳ್ಳನೆಯ ಪಾಲಿಮರ್ ಪದರ. ನೀರಿನ ಆವಿ ಅದರೊಳಗೆ ನುಸುಳಿ ಯೂರಿಯಾ ಕರಗುತ್ತದೆ, ಕರಗಿದ್ದು ಹೊರಗೆ ಜಿನುಗುತ್ತದೆ. ಕೆಲವು ಬಗೆಯ ಕಾಳುಗಳಂತೂ ಮೊದಲ ಒಂದು ತಿಂಗಳು ಹೆಚ್ಚುಕಡಿಮೆ ಬಾಯಿಯನ್ನೇ ಬಿಡುವುದಿಲ್ಲ.

ಬಾಯಿ ಬಿಡುವ ಹೊತ್ತು ಬಂತೆಂದು ಅದಕ್ಕೆ ಯಾರು ಹೇಳುತ್ತಾರೆ? ಯಾರೂ ಇಲ್ಲ. ಮಣ್ಣು ಬೆಚ್ಚಗಾದಷ್ಟೂ ಬೇಗ ಜಿನುಗುತ್ತದೆ, ತಣ್ಣಗಾದರೆ ನಿಧಾನಿಸುತ್ತದೆ, ಅಷ್ಟೇ. ಪೈರು ಬೆಳೆಯುವುದೂ ಅದೇ ಬಿಸಿಯ ಲೆಕ್ಕದಲ್ಲಿ. ಚಳಿ ಬಿದ್ದು ಪೈರು ಹಸಿವು ಮರೆತರೆ ಗೊಬ್ಬರವೂ ಕೈ ಬಿಗಿಹಿಡಿಯುತ್ತದೆ. ಒಂದನ್ನೊಂದು ಅರಿಯದ ಎರಡು, ಒಂದೇ ಬಿಸಿಲಿಗೆ ಹೆಜ್ಜೆ ಹಾಕುತ್ತವೆ. ಪ್ಲಾಸ್ಟಿಕ್ಕಿನ ಜಾಣತನಕ್ಕಿಂತ ಈ ಹೊಂದಾಣಿಕೆಯೇ ನನಗೆ ಬೆರಗು.

ಸತ್ವವೆಲ್ಲ ಹೋದ ಕಾಳನ್ನು ಬೆರಳ ನಡುವೆ ಹಿಸುಕಿ ನೋಡಿ. ಒಂದು ಹನಿ ನೀರು ಚಿಮ್ಮಿ, ಮೀನಿನ ಮೊಟ್ಟೆಯಂಥ ಸಿಪ್ಪೆ ಉಳಿಯುತ್ತದೆ. ಅದು ಸುಲಭಕ್ಕೆ ಕೊಳೆಯುವುದಿಲ್ಲ. ಗದ್ದೆಯ ನೀರಿನಲ್ಲಿ ತೇಲಿ ಕಾಲುವೆಗೆ, ಹೊಳೆಗೆ, ಕಡಲಿಗೆ ಸೇರುತ್ತದೆ. ಇಂಥ ಸಿಪ್ಪೆಗಳು ತೀರದ ಮರಳಲ್ಲಿ ಸಿಗತೊಡಗಿದ ಮೇಲೆ ಜಪಾನೇ ಪ್ಲಾಸ್ಟಿಕ್ ಲೇಪನದಿಂದ ದೂರ ಸರಿಯುವ ಮಾತಾಡುತ್ತಿದೆ.

ನಮ್ಮಲ್ಲಿ 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯ. ಅದು ಬಾಗಿಲು ಹಾಕುವ ಲೇಪನವಲ್ಲ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳನ್ನು ತುಸು ಮಂಕು ಮಾಡುತ್ತದೆ. ಎಳೆಸಸಿಯ ಬುಡಕ್ಕೆ ಸುರಿದರೆ ಬೇವಿನ ಯೂರಿಯಾವೂ ಸುಡುತ್ತದೆ. ಗಂಧಕ ಲೇಪಿಸಿದ ಯೂರಿಯಾದಲ್ಲಿ ಕವಚವೇ ಆಹಾರ: ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೇಟ್ ಮಾಡಿ ಬೇರಿಗೆ ಉಣಿಸುತ್ತವೆ. ಜಪಾನಿನ ಕಾಳಿನಷ್ಟು ನಿಖರವಲ್ಲ, ಪದರ ಬಿರುಕುಬಿಟ್ಟ ಕಡೆ ಯೂರಿಯಾ ಒಮ್ಮೆಲೇ ಹೊರಬೀಳುತ್ತದೆ. ಆದರೂ ನನ್ನ ಒಲವು ಇದರ ಕಡೆಗೇ.