ಆಯಸ್ಸು ಅಷ್ಟೇ ಇತ್ತೇ?

ಆತ್ಮಹತ್ಯೆ ನಡೆದ ಮನೆಗೆ ಬಂದವರು ಆಡುವ ಮಾತು ಸಾಮಾನ್ಯವಾಗಿ ಒಂದೇ: "ಆಯಸ್ಸು ಅಷ್ಟೇ ಇತ್ತು." ಹೆತ್ತವರ ಎದೆಯ ಭಾರ ಒಂದಿಷ್ಟು ಇಳಿಯಲೆಂದು ಆಡುವ ಮಾತದು, ತಪ್ಪಲ್ಲ. ಆದರೆ ಇನ್ನೂ ಬದುಕಿರುವವರ ವಿಷಯದಲ್ಲೂ ನಾವು ಅದೇ ಧಾಟಿಯಲ್ಲಿ ಮಾತಾಡುತ್ತೇವೆ: ಸಾಯಲೇಬೇಕೆಂದು ಹೊರಟವರನ್ನು ಎಷ್ಟು ದಿನ ಕಾಯಲಾದೀತು, ಇವತ್ತಲ್ಲ ನಾಳೆ ಹೋಗುವವರೇ ಎಂದು. ಇಲ್ಲಿಗೆ ಬಂದಾಗ ಅದು ಸಾಂತ್ವನವಾಗಿ ಉಳಿಯುವುದಿಲ್ಲ, ಕೈಚೆಲ್ಲಲು ಸಿಕ್ಕ ನೆಪವಾಗುತ್ತದೆ. ಕರ್ಮ, ಹಣೆಬರಹ, ಸ್ವಂತ ಇಚ್ಛೆ ಎಂದು ಈ ಮಾತಿಗೆ ಹಲವು ಆಸರೆಗಳಿವೆ. ಅವು ಎಷ್ಟು ಗಟ್ಟಿ ಎಂದು ತಿಳಿಯಲು ನೆರೆಯ ಶ್ರೀಲಂಕಾದ ಅನುಭವವನ್ನು ನೋಡಬೇಕು.

1995ರ ಸುಮಾರಿಗೆ ಅಲ್ಲಿ ಪ್ರತಿ ಲಕ್ಷ ಜನರಲ್ಲಿ 47ರಷ್ಟು ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಹೆಚ್ಚಿನ ಸಾವುಗಳಿಗೆ ಹೊಲದ ಕೀಟನಾಶಕ ಕಾರಣವಾಗಿತ್ತು. ಸರ್ಕಾರ 1995ರಲ್ಲಿ ಅತಿ ವಿಷಕಾರಿ ವರ್ಗದ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು, 2008ರಿಂದ 2011ರೊಳಗೆ ಇನ್ನೂ ಮೂರನ್ನು ಮಾರುಕಟ್ಟೆಯಿಂದ ತೆಗೆಯಿತು. ಎರಡು ದಶಕಗಳಲ್ಲಿ ಸಾವಿನ ಪ್ರಮಾಣ ಶೇ. 70ರಷ್ಟು ಇಳಿಯಿತು, ಉಳಿದ ಜೀವಗಳು ಸುಮಾರು 93,000 ಎಂಬುದು ಸಂಶೋಧಕರ ಅಂದಾಜು. ನಿರುದ್ಯೋಗ, ಕುಡಿತ, ಅಂತರ್ಯುದ್ಧ ಇವುಗಳ ಏರಿಳಿತಕ್ಕೂ ಈ ಇಳಿಕೆಗೂ ತಾಳೆಯಾಗಲಿಲ್ಲ. ಭತ್ತದ ಇಳುವರಿಯೂ ಕುಸಿಯಲಿಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ: ವಿಷ ಸೇವಿಸಿ ಆಸ್ಪತ್ರೆ ಸೇರುವವರ ಸಂಖ್ಯೆ ಅದಕ್ಕೆ ತಕ್ಕಂತೆ ತಗ್ಗಲಿಲ್ಲ. ಸಂಕಟ ಹಾಗೆಯೇ ಇತ್ತು, ಆದರೆ ಸಂಕಟಪಟ್ಟವರು ಮನೆಗೆ ಮರಳಿದರು. ಇಂಥ ಪ್ರಯತ್ನದಿಂದ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಮುಂದೆಯೂ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಇವತ್ತಲ್ಲ ನಾಳೆ ಹೋಗುವವರೇ ಎನ್ನುವ ಆ 'ನಾಳೆ' ಅವರ ಪಾಲಿಗೆ ಬರಲೇ ಇಲ್ಲ. ಅಂಗಡಿಯ ಕಪಾಟಿನಿಂದ ಒಂದು ಡಬ್ಬಿ ತೆಗೆದರೆ ಬದಲಾಗುವ ಬರಹವನ್ನು ಬ್ರಹ್ಮಲಿಪಿ ಎನ್ನುವುದು ಹೇಗೆ?

ಅವರವರ ಜೀವ, ಅವರವರ ಇಚ್ಛೆ, ತಡೆಯಲು ನಾವು ಯಾರು ಎಂದು ಕೇಳುವವರಿದ್ದಾರೆ. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಶ್ರವಣಬೆಳಗೊಳದ ಬಂಡೆಗಳ ಮೇಲೆ ಸಲ್ಲೇಖನದ, ಅಂದರೆ ಉಪವಾಸವಿದ್ದು ದೇಹ ಬಿಡುವ ವ್ರತದ, ಶಾಸನಗಳನ್ನು ಕೊರೆದಿಟ್ಟ ನಾಡು ನಮ್ಮದು. ಆದರೆ ಜೈನ ಪರಂಪರೆಯೇ ಸಲ್ಲೇಖನವನ್ನು ಆತ್ಮಘಾತದಿಂದ ಬೇರ್ಪಡಿಸಿ ಇಟ್ಟಿದೆ. ಅದಕ್ಕೆ ಗುರುವಿನ ಅಪ್ಪಣೆ ಬೇಕು, ರಾಗದ್ವೇಷ ಅಳಿದಿರಬೇಕು, ಎಲ್ಲರ ಕ್ಷಮೆ ಕೇಳಿರಬೇಕು. ಆ ವ್ರತದ ನಿಯಮಗಳನ್ನು ಬರೆದ ಸಮಂತಭದ್ರರೇ ತೀರದ ಹಸಿವಿನ ಭಸ್ಮಕ ರೋಗದಿಂದ ಬಳಲಿ ಅಪ್ಪಣೆ ಬೇಡಿದಾಗ ಗುರು ಒಪ್ಪಲಿಲ್ಲ ಎಂಬ ಐತಿಹ್ಯವಿದೆ. ನೋವಿನ ನಡುವೆ ಹುಟ್ಟಿದ ನಿರ್ಧಾರ ಕಾಯಬೇಕು ಎಂಬ ವಿವೇಕ ಅದು. ಇನ್ನೊಂದೆಡೆ, ಗ್ರಾಮೀಣ ಶ್ರೀಲಂಕಾದಲ್ಲಿ ಬದುಕುಳಿದವರನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಯೋಚಿಸಿದ್ದು ಅರ್ಧ ಗಂಟೆಯೂ ಇಲ್ಲ ಎಂದು ಗೊತ್ತಾಯಿತು. ಜಗಳದ ಸಿಟ್ಟು, ಅವಮಾನದ ಉರಿ ಆ ಅರ್ಧ ಗಂಟೆಯನ್ನು ಆಳಿದ್ದವು. ಅಲ್ಲಿ ಅಡ್ಡ ನಿಲ್ಲುವುದರಿಂದ ವ್ಯಕ್ತಿಯ ಇಚ್ಛೆಗೆ ಧಕ್ಕೆಯಾಗದು. ಅದು ಅವರದೇ ಇಚ್ಛೆಯಾಗಲು ಬೇಕಾದ ಸಮಯ ದೊರೆಯುತ್ತದೆ.

ಸಾಲ, ಬರ, ಮನೆಯೊಳಗಿನ ಹಿಂಸೆ ಹಾಗೇ ಇರುವಾಗ ಡಬ್ಬಿ ತೆಗೆದು ಏನು ಫಲ ಎಂಬ ಆಕ್ಷೇಪ ಇದಕ್ಕಿಂತ ನ್ಯಾಯವಾದದ್ದು. ಅವುಗಳಿಗೆ ಪರಿಹಾರ ಬೇಕೇ ಬೇಕು. ಆದರೆ ಸಾಲ ಮನ್ನಾ ಆಗುವ ದಿನ ಸಾಲಗಾರ ಬದುಕಿರಬೇಕಲ್ಲ. ಜೀವ ಉಳಿಸಿಕೊಂಡ ಮೇಲಿನ ಆಸರೆಯೂ ನಾವು ಊಹಿಸುವಷ್ಟು ದುಬಾರಿಯಲ್ಲ. ಚೆನ್ನೈ, ಕೊಲಂಬೊ ಸೇರಿ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಿದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಮನೆಭೇಟಿ. ಫೋನು ಮಾಡಿದವರು, ಮನೆಗೆ ಬಂದವರು ಕೇಳಿದ್ದು ಇಷ್ಟೇ: ಹೇಗಿದ್ದೀರಿ, ಇನ್ನೇನಾದರೂ ನೆರವು ಬೇಕೆ? ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ಎರಡನೆಯದರಲ್ಲಿ ಶೇ. 0.2. ಬಾಗಿಲಲ್ಲಿ ನಿಂತು ಕ್ಷೇಮ ವಿಚಾರಿಸಿದ ಒಬ್ಬ ಮನುಷ್ಯ ಇಷ್ಟು ಮಾಡಬಲ್ಲ.

ನಮ್ಮ ಕಾನೂನೂ ಈಗ ಈ ತಿಳಿವಳಿಕೆಗೆ ಬಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸುತ್ತದೆ. ಅವರ ಆರೈಕೆ, ಪುನರ್ವಸತಿಯನ್ನು ಸರ್ಕಾರದ ಕರ್ತವ್ಯವೆಂದು ಹೇಳುತ್ತದೆ. ಟೆಲಿ ಮಾನಸ್‌ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಓಣಿಯಲ್ಲಿ ಹಾಗೆ ಆಸ್ಪತ್ರೆಯಿಂದ ಮರಳಿದವರು ಯಾರಾದರೂ ಇದ್ದರೆ, ಈ ವಾರ ಅವರ ಮನೆಗೆ ಒಮ್ಮೆ ಹೋಗಿಬನ್ನಿ.