ಆ ಸಾಲು ಕಟ್ಟಿದವರು ಯಾರು?

1987ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್‌ನಲ್ಲಿ ಮೀನುಗಾರರ ದೊಡ್ಡ ಸಭೆ ಸೇರಿತ್ತು. ಅಲ್ಲಿಯ ನೀರಿನ ಮೀನು ತಿನ್ನುವಾಗ ಎಚ್ಚರ ಎಂದು ಸರ್ಕಾರ ಹೇಳಿದ್ದೇ ತಡ, ವ್ಯಾಪಾರ ನೆಲಕಚ್ಚಿತ್ತು. ಜನರ ಸಿಟ್ಟೆಲ್ಲ ಅಧಿಕಾರಿಗಳ ಮೇಲೆ. ಆಗ ಒಬ್ಬ ಕಾರ್ಮಿಕ ಫಲಕವೊಂದನ್ನು ಎತ್ತಿ ಹಿಡಿದು ನಿಂತ. ಹಿನ್ನೀರಿಗೆ ವಿಷ ಸುರಿದವನು ತಾನೇ ಎಂದು ಅದರಲ್ಲಿ ಬರೆದಿತ್ತು. ರಾಸಾಯನಿಕ ಕಾರ್ಖಾನೆಯವರು ಹೇಳಿದಂತೆ ಅವನು ಕತ್ತಲಾದ ಮೇಲೆ ತ್ಯಾಜ್ಯ ಸುರಿದು ಬರುತ್ತಿದ್ದ. ಆ ಕೆಲಸದಲ್ಲೇ ಕಾಯಿಲೆ ಬಿದ್ದ. ರಜೆ ಜಾಸ್ತಿಯಾಯಿತೆಂದು ಅವರೇ ಅವನನ್ನು ಮನೆಗೆ ಕಳಿಸಿದರು. ಇಂಥವನು ಮುಂದೆ ಪರಿಸರ ಕಾನೂನು ಬಿಗಿಯಾಗಲಿ ಎನ್ನುವವರ ಜೊತೆ ಹೋಗಬೇಕಿತ್ತಲ್ಲವೇ? ಹೋದದ್ದು ಟೀ ಪಾರ್ಟಿಯ ಕಡೆಗೆ, ಸರ್ಕಾರವನ್ನೇ ಚಿಕ್ಕದು ಮಾಡಬೇಕು ಎನ್ನುವವರ ಜೊತೆ.

ಈ ಒಗಟು ಬಿಡಿಸಲು ಹೊರಟವರು ಬರ್ಕ್ಲಿಯ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. ಗಗನಸಖಿಯರ ನಗುವೂ ಸಂಬಳದ ದುಡಿಮೆಯೇ ಎಂದು 1983ರಲ್ಲೇ ತೋರಿಸಿಕೊಟ್ಟವರು. ತಮ್ಮ ಊರಿನ ಉದಾರವಾದಿ ಬಳಗ ಬಿಟ್ಟು ಐದು ವರ್ಷ ಲೂಸಿಯಾನಾಕ್ಕೆ ಹೋಗಿಬಂದರು. ಚರ್ಚಿನಲ್ಲಿ ಕೂತರು, ಅಡುಗೆಮನೆಗಳಲ್ಲಿ ಮಾತಾಡಿದರು. 2016ರಲ್ಲಿ ‘ಸ್ಟ್ರೇಂಜರ್ಸ್ ಇನ್ ದೇರ್ ಓನ್ ಲ್ಯಾಂಡ್’ ಪುಸ್ತಕ ಬಂತು. ಅದರಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಮನೆ ಮುಂದಿನ ನೀರು ಕೆಟ್ಟು ಸೈಪ್ರಸ್ ಮರಗಳು ಒಣಗಿವೆ, ನೆಂಟರಿಷ್ಟರಲ್ಲಿ ಕ್ಯಾನ್ಸರ್ ಸುತ್ತಾಡಿದೆ. ದೇವರು ಒಂದು ದಿನ ಇದನ್ನೆಲ್ಲ ಮೊದಲಿನಂತೆ ಮಾಡುತ್ತಾನೆ ಎಂಬುದು ಅವರ ನಂಬಿಕೆ. ಓಟು ಹಾಕುವುದೂ ಆ ನಂಬಿಕೆಯ ಪ್ರಕಾರವೇ. ಸಹಿಸಿಕೊಂಡು ಹೋಗುವುದು ಅವರ ಪಾಲಿಗೆ ಸೋಲಲ್ಲ, ಸದ್ಗುಣ.

ಇವರೆಲ್ಲರ ಮಾತಿನ ತಳದಲ್ಲಿ ಹಾಕ್‌ಶೀಲ್ಡ್ ಒಂದು ‘ಆಳದ ಕಥೆ’ಯನ್ನು ಕಂಡರು. ಗುಡ್ಡದ ಮೇಲಕ್ಕೆ ಉದ್ದನೆಯ ಸಾಲು. ಗುಡ್ಡದಾಚೆ ಒಳ್ಳೆಯ ಬದುಕು. ಜನ ದುಡಿದು, ಬಳಲಿ, ತಾಳ್ಮೆಯಿಂದ ನಿಂತಿದ್ದಾರೆ, ಆದರೆ ಸಾಲು ಅಲುಗುತ್ತಿಲ್ಲ. ಅಷ್ಟರಲ್ಲಿ ಕಪ್ಪು ಜನ, ಹೆಂಗಸರು, ವಲಸಿಗರು, ನಿರಾಶ್ರಿತರು ನಡುವೆ ನುಗ್ಗುತ್ತಿದ್ದಾರೆ. ಎಣ್ಣೆ ಮೆತ್ತಿದ ಪೆಲಿಕನ್ ಹಕ್ಕಿ ಕೂಡ ಮುಂದೆ ಹೋಗುತ್ತಿದೆ. ಸಾಲು ಕಾಯಬೇಕಾದ ಅಧ್ಯಕ್ಷನೇ ಅವರಿಗೆ ಕೈಬೀಸುತ್ತಿದ್ದಾನೆ. ಈ ಕಥೆಯನ್ನು ಅವರು ಲೂಸಿಯಾನಾದವರಿಗೇ ಹೇಳಿ ನೋಡಿದರು. ಹೌದು, ನಮ್ಮ ಮನಸ್ಸಿನಲ್ಲಿರುವುದು ಇದೇ ಎಂದರು ಹೆಚ್ಚಿನವರು.

ಇಲ್ಲಿಂದ ಮುಂದಿನದು ಸಮಾಜಶಾಸ್ತ್ರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ನೋವು ನಿಜ, ಆದರೆ ನೋವು ಹೇಳುವ ಕಥೆ ನಿಜವಲ್ಲ ಎಂದಾದರೆ ಕೇಳುವವನ ಕರ್ತವ್ಯವೇನು?

ಈ ಪ್ರಶ್ನೆ ನನಗೆ ಪರದೇಶದ್ದಲ್ಲ. ನನ್ನ ತಾಯಿಯ ಮನೆ ಕಾರ್ಕಳ ತಾಲ್ಲೂಕಿನದು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ. ಅಜ್ಜನಿಗೆ ಗೇಣಿ ಬರುವ ಗದ್ದೆಗಳಿದ್ದವು. ಒಕ್ಕಲಿನವರು ಹುಲ್ಲಿನಲ್ಲಿ ಬಿಗಿದ ಅಕ್ಕಿ ಮುಡಿ ಹೊತ್ತು ತಂದು ಅಂಗಳದಲ್ಲಿ ಇಳಿಸಿ, ತಲೆಯ ಮುಟ್ಟಾಳೆ ತೆಗೆದು ನಿಲ್ಲುತ್ತಿದ್ದರು. ಜಗಲಿ ಹತ್ತುತ್ತಿರಲಿಲ್ಲ. ಅಜ್ಜ ಜಗಲಿಯ ಕಂಬಕ್ಕೆ ಒರಗಿ ಕೂತು ಮುಡಿ ಎಣಿಸುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ ಕಾನೂನು ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಗದ್ದೆ ಉಳುವವನು ತಾನೇ ಎಂದು ಒಕ್ಕಲು ಡಿಕ್ಲರೇಶನ್ ಕೊಟ್ಟ. ಭೂ ಟ್ರಿಬ್ಯೂನಲ್‌ನಲ್ಲಿ ವಕೀಲರಿಗೆ ಜಾಗವಿರಲಿಲ್ಲ. ಧಣಿಯೂ ಒಕ್ಕಲೂ ಎದುರುಬದುರು ನಿಂತು ತಾವೇ ಮಾತಾಡಬೇಕಿತ್ತು. ಗದ್ದೆ ಒಕ್ಕಲಿನದಾಯಿತು.

ಅಜ್ಜ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರು: “ಕಷ್ಟಕಾಲದಲ್ಲಿ ನಾವು ಅವರನ್ನು ಬಿಡಲಿಲ್ಲ, ಅವರು ನಮ್ಮನ್ನು ಬಿಟ್ಟರು.” ಅದು ಅವರ ಆಳದ ಕಥೆ. ಬರಗಾಲದಲ್ಲಿ ಗೇಣಿ ಮಾಫಿ ಮಾಡಿದ್ದು ನಿಜ, ಮದುವೆಗೆ ಅಕ್ಕಿ ಕೊಟ್ಟದ್ದೂ ನಿಜ. ಆದರೆ ಅಪ್ಪ, ಅಜ್ಜ, ಮುತ್ತಜ್ಜನ ಕಾಲದಿಂದ ಕೆಸರಿನಲ್ಲಿ ನಿಂತವನು ಆ ಜಗಲಿಯನ್ನು ಒಮ್ಮೆಯೂ ಹತ್ತಲಿಲ್ಲ ಎಂಬುದಕ್ಕೆ ಆ ಕಥೆಯಲ್ಲಿ ಜಾಗವಿರಲಿಲ್ಲ.

ನಾವು ಬೆಳೆದದ್ದು ಸತ್ಯಕ್ಕೆ ಹಲವು ಮುಖ ಎನ್ನುವ ಜೈನರ ಅನೇಕಾಂತದ ಮಾತು ಕೇಳಿಕೊಂಡು. ಅದನ್ನು ‘ಎಲ್ಲರೂ ಸರಿ’ ಎಂಬ ಸಮಾಧಾನದ ಮಾತೆಂದು ತಿಳಿಯುವವರೇ ಹೆಚ್ಚು. ಶಾಸ್ತ್ರ ಅಷ್ಟು ಮೆತ್ತಗಿಲ್ಲ. ವಸ್ತುವನ್ನು ಒಂದು ಕೋನದಿಂದ ಹಿಡಿಯುವುದು ನಯ. ಇತರ ನಯಗಳ ಜೊತೆ ನಂಟಿಟ್ಟುಕೊಂಡರೆ ಮಾತ್ರ ಅದಕ್ಕೆ ಬೆಲೆ, ನಂಟು ಕಡಿದುಕೊಂಡರೆ ಅದು ಮಿಥ್ಯೆ ಎಂದು ಸಮಂತಭದ್ರರ ‘ಆಪ್ತಮೀಮಾಂಸೆ’ ಹೇಳುತ್ತದೆ. ಉಳಿದವನ್ನೆಲ್ಲ ಅಲ್ಲಗಳೆಯುವ ನೋಟಕ್ಕೆ ಜೈನ ತಾರ್ಕಿಕರು ಕೊಟ್ಟ ಹೆಸರು ದುರ್ನಯ.

ಜನಪ್ರಿಯತಾವಾದ ಹುಟ್ಟುವುದು ನಯ ದುರ್ನಯವಾಗುವ ಈ ತಿರುವಿನಲ್ಲೇ ಎಂದು ನನಗೆ ಅನ್ನಿಸುತ್ತದೆ. ಜನಪ್ರಿಯತಾವಾದಿಯ ಗುರುತು ಸಿಟ್ಟಲ್ಲ, ‘ನಿಜವಾದ ಜನ ಎಂದರೆ ನಾವು ಮಾತ್ರ’ ಎಂಬ ಹಕ್ಕುಸಾಧನೆ ಎಂದು ರಾಜಕೀಯ ಚಿಂತಕ ಯಾನ್-ವರ್ನರ್ ಮುಲ್ಲರ್ 2016ರಲ್ಲಿ ಬರೆದರು. ಸಾಲಿನಲ್ಲಿ ಬಳಲಿದೆ ಎನ್ನುವುದು ನಯ. ಸಾಲು ನನ್ನದೇ, ಉಳಿದವರೆಲ್ಲ ಕಳ್ಳರು ಎನ್ನುವುದು ದುರ್ನಯ. ಲೂಸಿಯಾನಾದ ಸಾಲಿನ ಹಿಂಭಾಗದಲ್ಲಿ ಇದ್ದ ಕಪ್ಪು ಜನ ತಡವಾಗಿ ಬಂದವರಲ್ಲ. ಮೊದಲು ಗುಲಾಮಗಿರಿ, ಆಮೇಲೆ 1964–65ರ ನಾಗರಿಕ ಹಕ್ಕು ಮತ್ತು ಮತದಾನ ಕಾಯ್ದೆಗಳು ಬರುವವರೆಗೆ ವರ್ಣಭೇದದ ಕಟ್ಟಳೆಗಳು ಅವರನ್ನು ಹಿಡಿದು ನಿಲ್ಲಿಸಿದ್ದವು. ಹಾಕ್‌ಶೀಲ್ಡ್‌ಗೆ ಇದು ಗೊತ್ತು, ಬರೆದೂ ಇದ್ದಾರೆ. ಆದರೂ ಅವರ ರೂಪಕ ಓದಿದವರ ಮನಸ್ಸಿನಲ್ಲಿ ಉಳಿಯುವುದು ಕಾದು ನಿಂತವನ ಬೆವರು. ಸಾಲನ್ನು ಕಟ್ಟಿದ ಕೈ ಕಾಣುವುದಿಲ್ಲ.

ಹಾಕ್‌ಶೀಲ್ಡ್ ಕೆಂಟಕಿಯ ಪೈಕ್‌ವಿಲ್‌ನಲ್ಲಿ ಮಾಡಿದ ಮುಂದಿನ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕಲ್ಲಿದ್ದಲ ಗಣಿಗಳು ಮುಚ್ಚಿ, ಅಮಲಿನ ಮಾತ್ರೆ ಹೊಕ್ಕ ಪ್ರದೇಶ. ಗೆದ್ದರೂ ಸೋತರೂ ಅದಕ್ಕೆ ತಾನೇ ಕಾರಣ ಎಂದು ನಂಬಿದವನು ಕೆಲಸ ಹೋದಾಗ ನಾಚಿಕೆಯಿಂದ ಕುಗ್ಗುತ್ತಾನೆ. ಆ ನಾಚಿಕೆಯನ್ನು ಬೇರೆಯವರ ಮೇಲಿನ ದೂರಾಗಿ ತಿರುಗಿಸಿಕೊಡುವ ನಾಯಕ ಅವನಿಗೆ ದೇವರಂತೆ ಕಾಣುತ್ತಾನೆ. ಸಹಿಸುವುದೇ ಸದ್ಗುಣ ಎಂದು ಕಲಿತವರ ಬಳಿ ನೋವು ದೊಡ್ಡ ಬಂಡವಾಳ. ಅದನ್ನು ಯಾರು ಬೇಕಾದರೂ ಬಡ್ಡಿಗೆ ಬಿಡಬಹುದು.

ಹಾಗಾಗಿ ನನ್ನ ಉತ್ತರ ಇದು. ಕೇಳುವುದು ತೀರ್ಪು ಕೊಡುವುದಕ್ಕೆ ಬದಲಿಯಲ್ಲ. ಅಜ್ಜನ ದುಃಖವನ್ನು ನಾನು ಕೊನೆಯವರೆಗೂ ಕೂತು ಕೇಳಿದ್ದೇನೆ. ಟ್ರಿಬ್ಯೂನಲ್ ಮಾಡಿದ್ದು ಸರಿ ಎಂದೂ ಅವರ ಎದುರಿಗೇ ಹೇಳಿದ್ದೇನೆ. ಅವರು ಸಿಟ್ಟಾದರು, ಆದರೆ ಮಾತು ಬಿಡಲಿಲ್ಲ. ಕೇಳದೆ ಖಂಡಿಸುವ ಪಂಡಿತರನ್ನೂ, ಕೇಳಿ ತಲೆದೂಗಿ ಸುಮ್ಮನೆ ಎದ್ದುಹೋಗುವ ಸಹೃದಯರನ್ನೂ ನೋಡಿದ್ದೇನೆ. ಇಬ್ಬರೂ ಎದುರಿನವನನ್ನು ಅವನ ಒಂದೇ ನಯದೊಳಗೆ ಬಿಟ್ಟುಬರುತ್ತಾರೆ. ‘ನೀನು ನಿಂತ ಆ ಸಾಲು ಕಟ್ಟಿದವರು ಯಾರು?’ ಎಂದು ಅವನನ್ನು ಕೇಳುವ ಅಧಿಕಾರ ಬರುವುದು, ಅವನ ಕಥೆ ಮುಗಿಯುವವರೆಗೆ ಎದ್ದು ಹೋಗದೆ ಕೂತವರಿಗೆ. ಅಧಿಕಾರ ಬಂದ ಮೇಲೂ ಕೇಳದೆ ಬಿಟ್ಟರೆ ಅದು ಕರುಣೆಯಲ್ಲ, ದಾಕ್ಷಿಣ್ಯ.