ಅವಳಿ ಕೂಸುಗಳ ಗುರುತು: ಆರೈಕೆಗೋ, ಅಂತಸ್ತಿಗೋ?



ಧಮ್ಮ ಬಂಧುಗಳೇ, ನಮ್ಮ ಬಳಗದ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಸೊಸೆಯ ಹೊಟ್ಟೆಯಲ್ಲಿ ಅವಳಿ ಕೂಸುಗಳಿವೆ. ಸ್ಕ್ಯಾನಿಂಗ್ ವರದಿಯಲ್ಲಿ ಒಂದಕ್ಕೆ ‘ಎ’, ಇನ್ನೊಂದಕ್ಕೆ ‘ಬಿ’ ಎಂದು ಬರೆದಿದ್ದಾರೆ. “ಎ ಅಂದ್ರ ಹಿರೇ ಕೂಸೇನ್ರಿ?” ಎಂಬುದು ಅವರ ಪ್ರಶ್ನೆ. ಕುಷ್ಟಗಿಯಿರಲಿ, ಯಲಬುರ್ಗಾ, ಗಂಗಾವತಿಯಿರಲಿ, ಅವಳಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಹಿರೇದು ಯಾವುದು, ಕಿರೇದು ಯಾವುದು ಎಂಬುದೇ. ಅದಕ್ಕೇ ಇಂದಿನ ಚಿಂತನೆಗೆ ಈ ವಿಷಯವನ್ನು ತೆಗೆದುಕೊಂಡಿದ್ದೇನೆ.

ಸಾಮಾನ್ಯವಾಗಿ ಗರ್ಭಕೋಶದ ಬಾಯಿಗೆ ಹತ್ತಿರವಿರುವ ಕೂಸನ್ನು ‘ಎ’ ಅಥವಾ ‘1’ ಎಂದು ಗುರುತಿಸುತ್ತಾರೆ. ಇನ್ನೊಂದು ‘ಬಿ’. ಜೊತೆಗೆ ಕೂಸು ತಾಯಿಯ ಎಡಕ್ಕಿದೆಯೋ ಬಲಕ್ಕಿದೆಯೋ, ಮೇಲಿದೆಯೋ ಕೆಳಗಿದೆಯೋ, ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದನ್ನೂ ಬರೆದಿಡುತ್ತಾರೆ. ಸಹಜ ಹೆರಿಗೆಯಲ್ಲಿ ಬಾಯಿಗೆ ಹತ್ತಿರವಿರುವ ಕೂಸು ಮೊದಲು ಬರುತ್ತದೆ. ಆದರೆ ಒಳಗೆ ಕೂಸುಗಳು ಹೊರಳುತ್ತಿರುತ್ತವೆ. ಸಿಸೇರಿಯನ್ ಆದರಂತೂ ವೈದ್ಯರ ಕೈಗೆ ಮೊದಲು ಸಿಕ್ಕಿದ್ದೇ ಮೊದಲನೆಯದು. ಹಾಗಾಗಿ ಸ್ಕ್ಯಾನಿಂಗ್‌ನಲ್ಲಿ ‘ಎ’ ಆಗಿದ್ದ ಕೂಸೇ ಮೊದಲು ಹುಟ್ಟಬೇಕೆಂದೇನೂ ಇಲ್ಲ. ಅದು ಗಂಡು, ಹೆಣ್ಣಿನ ಗುರುತೂ ಅಲ್ಲ. ಹುಟ್ಟುವ ಮುಂಚೆ ಲಿಂಗ ಪತ್ತೆ ಮಾಡಿ ಹೇಳುವುದನ್ನು 1994ರ ಕಾನೂನು ನಿಷೇಧಿಸಿದೆ.

ಹಾಗಾದರೆ ಈ ಗುರುತು ಯಾತಕ್ಕೆ? ಆರೈಕೆಗೆ. ಹೋದ ಸಲ ನೋಡಿದ ಕೂಸು ಯಾವುದು, ಈ ಸಲ ನೋಡುತ್ತಿರುವುದು ಯಾವುದು ಎಂದು ಗೊತ್ತಿರದಿದ್ದರೆ, ಯಾವುದು ಬೆಳೆಯುತ್ತಿದೆ, ಯಾವುದು ಸೊರಗುತ್ತಿದೆ ಎಂದು ಹೇಳುವುದು ಹೇಗೆ? ಕೆಲವು ಅವಳಿಗಳಿಗೆ ಮಾಸು ಒಂದೇ ಇರುತ್ತದೆ. ಅಂಥ ಕೆಲವು ಬಸುರಿಗಳಲ್ಲಿ ಒಂದು ಕೂಸಿನ ರಕ್ತ ಮಾಸಿನ ನಾಳಗಳ ಮೂಲಕ ಇನ್ನೊಂದರ ಕಡೆಗೆ ಹೆಚ್ಚಾಗಿ ಹರಿಯತೊಡಗುತ್ತದೆ. ಕೊಡುವ ಕೂಸು ಸೊರಗುತ್ತದೆ, ಅದರ ಸುತ್ತಲಿನ ನೀರು ಕಡಿಮೆಯಾಗುತ್ತದೆ. ಪಡೆಯುವ ಕೂಸು ಸುಖವಾಗಿರುತ್ತದೆ ಅಂದುಕೊಳ್ಳಬೇಡಿ. ಅದರ ಹೃದಯದ ಮೇಲೆ ಭಾರ ಬೀಳುತ್ತದೆ. ಸಕಾಲಕ್ಕೆ ಗೊತ್ತಾಗದಿದ್ದರೆ ಎರಡೂ ಕೂಸುಗಳ ಜೀವಕ್ಕೆ ಅಪಾಯ. ಆದ್ದರಿಂದ ಮಾಸು ಒಂದೋ ಎರಡೋ ಎಂಬುದನ್ನು 11ರಿಂದ 14ನೇ ವಾರದೊಳಗಿನ ಸ್ಕ್ಯಾನಿಂಗ್‌ನಲ್ಲೇ ನೋಡಬೇಕು. ಒಂದೇ ಆಗಿದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಪರೀಕ್ಷೆ ಆಗಬೇಕು.

ನೋಡಿ, ಇಲ್ಲಿ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸುವುದು ಒಬ್ಬರನ್ನು ಮೇಲೆ ಕೂರಿಸಲಿಕ್ಕಲ್ಲ, ಇಬ್ಬರನ್ನೂ ಉಳಿಸಿಕೊಳ್ಳಲಿಕ್ಕೆ. ಅದೇ ಗುರುತು ಮನೆಗೆ ಬಂದ ಕೂಡಲೇ ಹಿರೇದು, ಕಿರೇದು ಎಂಬ ಅಂತಸ್ತಾಗಿಬಿಡುತ್ತದೆ.

ಭಗವಾನ್ ಬುದ್ಧರು ಶ್ರಾವಸ್ತಿಯಲ್ಲಿದ್ದಾಗ ಅಸ್ಸಲಾಯನ ಎಂಬ ಹದಿನಾರರ ಬ್ರಾಹ್ಮಣ ತರುಣ ವಾದಕ್ಕೆ ಬಂದ. ಬ್ರಾಹ್ಮಣರೇ ಶ್ರೇಷ್ಠರು, ಅವರು ಬ್ರಹ್ಮನ ಬಾಯಿಂದ ಹುಟ್ಟಿದವರು ಎಂದ. ಬುದ್ಧರು ಅವನನ್ನು ಬಾಣಂತಿಯ ಕೋಣೆಗೇ ಕರೆದೊಯ್ದಂತೆ ಮಾತಾಡಿದರು: ಬ್ರಾಹ್ಮಣ ಹೆಂಗಸರೂ ಮುಟ್ಟಾಗುತ್ತಾರೆ, ಬಸುರಾಗುತ್ತಾರೆ, ಹೆರುತ್ತಾರೆ, ಹಾಲೂಡಿಸುತ್ತಾರಲ್ಲವೇ? ಮುಂದೆ ಇನ್ನೊಂದು ಪ್ರಶ್ನೆ ಇಟ್ಟರು. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಓದಿದವ, ಒಬ್ಬ ಓದದವ. ಶ್ರಾದ್ಧದ ಊಟ ಮೊದಲು ಯಾರಿಗೆ? ಓದಿದವನಿಗೆ ಎಂದ ತರುಣ. ಓದಿದವನು ಶೀಲಗೆಟ್ಟವನಾಗಿ, ಓದದವನು ಶೀಲವಂತನಾಗಿದ್ದರೆ? ಶೀಲವಂತನಿಗೆ ಎಂದ. ಹುಟ್ಟಿನಿಂದ ಶುರುವಾದ ಅವನ ವಾದ ಓದಿಗೆ ಬಂದು, ಕೊನೆಗೆ ಶೀಲಕ್ಕೆ ಬಂದು ನಿಂತಿತು. ಬುದ್ಧರು ಅದನ್ನೇ ಎತ್ತಿ ತೋರಿಸಿದಾಗ ಅಸ್ಸಲಾಯನ ತಲೆ ತಗ್ಗಿಸಿ ಕುಳಿತ.

ಇಲ್ಲಿ ನಮ್ಮ ಕಡೆಗೂ ಒಂದು ಬಾಣ ಬರುತ್ತದೆ. “ಬೌದ್ಧರಾದ ಮೇಲೂ ನಿಮಗ್ಯಾಕ ಜಾತಿ ಸರ್ಟಿಫಿಕೇಟು?” ಎಂದು ಕೇಳುವವರಿದ್ದಾರೆ. ನಮ್ಮ ಮಕ್ಕಳು ಕಾಲೇಜಿನಲ್ಲಿ ಈ ಮಾತು ಕೇಳಿ ತಲೆ ತಗ್ಗಿಸುತ್ತಾರೆ. ಅವರಿಗೆ ನಾವು ಹೇಳಬೇಕಾದದ್ದು ಇಷ್ಟು. ಊರಿನ ಹೋಟೆಲ್ಲಿನಲ್ಲಿ ಬೇರೆ ಲೋಟ ಇಡಲು ಹಿಡಿಯುವ ಗುರುತು ಅಂತಸ್ತಿನ ಗುರುತು. ಯಾರ ಪಾಲು ಯಾರ ಕಡೆಗೆ ಹರಿದುಹೋಗಿದೆ, ಯಾರು ಸೊರಗಿದ್ದಾರೆ ಎಂದು ನೋಡಿ ಸರಿಪಡಿಸಲು ಸಂವಿಧಾನ ಹಿಡಿದಿರುವುದು ಆರೈಕೆಯ ಗುರುತು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ಪರಿಶಿಷ್ಟ ಜಾತಿ ಆದೇಶಕ್ಕೆ ತಿದ್ದುಪಡಿಯಾಗಿ ಬೌದ್ಧರ ಹೆಸರು ಸೇರಿದ್ದು 1990ರಲ್ಲಿ. ನಡುವಿನ 34 ವರ್ಷ ಧರ್ಮ ಬದಲಾಗಿತ್ತು, ಸೊರಗು ಬದಲಾಗಿರಲಿಲ್ಲ. ಆದರೆ ಅದನ್ನು ನೋಡುವ ಗುರುತು ಆ ಆದೇಶದಲ್ಲಿ ಇರಲಿಲ್ಲ. ಅಂತಸ್ತಿನ ಗುರುತನ್ನು ಬಿಡೋಣ. ಆರೈಕೆಯ ಗುರುತಿಗೆ ನಾಚುವುದು ಬೇಡ.

ಹಾಗೆಯೇ, ಹೊರಗೆ ಸಮಾನತೆ ಕೇಳುವ ನಾವು ಒಳಮನೆಯಲ್ಲಿ ಎರಡು ಕೂಸುಗಳ ನಡುವೆ ಮೇಲು, ಕೀಳು ಮಾಡುವುದೂ ಬೇಡ. ಸಣ್ಣ ಕೂಸು ಹಾಲು ಎಳೆಯಲು ದಣಿದರೆ ಅದಕ್ಕೆ ಹೆಚ್ಚು ಹೊತ್ತು ಕೊಡುವುದು ಪಕ್ಷಪಾತವಲ್ಲ, ಮೈತ್ರಿ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಸಾಮ್ರಾಟ ಅಶೋಕನ ಶಾಸನಗಳಿವೆ. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅವುಗಳ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದ ಕಲ್ಲಿನ ಮೇಲೆ ಬರೆದ ಮಾತಿದು.

ಇಂದಿನ ಅಭ್ಯಾಸ: ಈ ದಿನ ಯಾರಿಗಾದರೂ ಒಂದು ಗುರುತು ಹಚ್ಚುವ ಮುಂಚೆ, ಇದು ಆರೈಕೆಗೋ ಅಂತಸ್ತಿಗೋ ಎಂದು ಒಮ್ಮೆ ಕೇಳಿಕೊಳ್ಳೋಣ. ನಿಮ್ಮ ಓಣಿಯಲ್ಲಿ ಅವಳಿ ಬಸುರಿ ಇದ್ದರೆ, ತಾಯಿ ಕಾರ್ಡಿನ ಜೊತೆ ಹಳೆಯ ಸ್ಕ್ಯಾನಿಂಗ್ ವರದಿಗಳನ್ನೆಲ್ಲ ಒಯ್ಯಲು ಹೇಳಿ. “ಮಾಸು ಒಂದೋ ಎರಡೋ?” ಎಂದು ವೈದ್ಯರನ್ನು ಕೇಳಲು ನೆನಪಿಸಿ.

ಎಲ್ಲ ತಾಯಂದಿರೂ, ಎಲ್ಲ ಕೂಸುಗಳೂ ಸುಖವಾಗಿರಲಿ.

ಸಾಧು, ಸಾಧು, ಸಾಧು. ಜೈ ಭೀಮ್.